ಮುಕ್ಕಾಲು ಇಂಚು

ಬೀದಿಯ ಮಕ್ಕಳಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರೂ ಅವಳನ್ನು ಕರೆಯುವುದು ಸಡಿಲಕ್ಕ ಎಂದೇ. ಹೆಸರು ಕೇಳಿ, ಇವಳ ನಾಲಿಗೆ ಸಡಿಲ ಇರಬೇಕು ಎಂದುಕೊಂಡು ಹರಟೆಗೆ ಬಂದವರು ಪೆಚ್ಚುಮೋರೆ ಹಾಕಿಕೊಂಡು ಹೋಗಿದ್ದಾರೆ. ಅವಳ ಬಾಯಲ್ಲಿ ಹೆಚ್ಚಿನ ಹೊತ್ತು ಗುಂಡುಸೂಜಿಗಳಿರುತ್ತವೆ, ಮಾತಿಗೆ ಜಾಗವೇ ಇರುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅವಳದ್ದು ಬಟ್ಟೆ ಸರಿಮಾಡುವ ಅಂಗಡಿ. ಹೊಸದು ಹೊಲಿಯುವುದಿಲ್ಲ. ಬಿಗಿಯಾದದ್ದನ್ನು ಬಿಡಿಸುತ್ತಾಳೆ, ದೊಗಳೆಯಾದದ್ದನ್ನು ಹಿಡಿಸುತ್ತಾಳೆ, ಉದ್ದವಾದದ್ದನ್ನು ಮಡಚುತ್ತಾಳೆ. ಯಾರೇ ಬರಲಿ, ಸೂಜಿಗಳನ್ನು ಬಾಯಿಂದ ತೆಗೆದು ಕೇಳುವ ಮೊದಲ ಪ್ರಶ್ನೆ, "ಸಡಿಲ ಎಷ್ಟು ಬಿಡಲಿ?" ಹೆಸರು ಬಂದದ್ದು ಹಾಗೆ.

ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಕನ್ನಡಿ, ಒಂದು ಮರದ ಸ್ಟೂಲು. ಪ್ಯಾಂಟು ತಂದವರು ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಂತರೆ ಅವಳು ಅತ್ತ ತಿರುಗಿಯೂ ನೋಡುವುದಿಲ್ಲ. "ಕೂತು ತೋರಿಸಿ" ಅನ್ನುತ್ತಾಳೆ. "ನಿಂತಾಗ ಎಲ್ಲರ ಪ್ಯಾಂಟೂ ಸರಿಯಾಗೇ ಇರುತ್ತೆ. ಹರಿಯೋದು ಕೂತಾಗ." ಕೂತವರ ಸೊಂಟದ ಸುತ್ತ ಟೇಪು ಹಿಡಿದು, ಸೀಮೆಸುಣ್ಣದಿಂದ ಗೀಟೆಳೆದು, ಆಮೇಲೆಯೇ ಕತ್ತರಿ ಮುಟ್ಟುವುದು.

ಅವಳಿಗೆ ಇನ್ನೊಂದು ಚಾಳಿ ಇತ್ತು. ಯಾವ ವಸ್ತು ಕೈಗೆ ಸಿಕ್ಕರೂ ಅದರ ಒಳಮೈ ನೋಡದೆ ಬಿಡುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಸೋಫಾದ ಕೆಳಗೆ ಇಣುಕುತ್ತಿದ್ದಳು. ಬಸ್ಸಿನಲ್ಲಿ ಮುಂದೆ ನಿಂತವರ ಕೋಟಿನ ಹೊಲಿಗೆಯನ್ನೇ ಕಣ್ಣು ಮಿಟುಕಿಸದೆ ನೋಡಿ, ಆ ಮನುಷ್ಯ ಜೇಬು ಮುಟ್ಟಿಕೊಂಡು ಹಿಂದೆ ಸರಿದದ್ದೂ ಉಂಟು. ಅವಳ ಗಂಡ ನೀರಿನ ಕಚೇರಿಯಲ್ಲಿ ಕೆಲಸ ಮಾಡುವ ಸಾಧು ಮನುಷ್ಯ. "ನಿನ್ನ ತಲೆಗೆ ನೀನೇ ಹುಳ ಬಿಟ್ಕೋತೀಯ" ಎಂದು ಅವನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅವಳು ಹೌದೆಂದು ಒಪ್ಪಿಕೊಳ್ಳುತ್ತಿದ್ದಳು.

ಅವಳ ಅತ್ತೆ ಒಂದು ಕಾಲದಲ್ಲಿ ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಮೇಡಂ. ಬಾಗಿಲಲ್ಲಿ ನಿಂತರೆ ಚೌಕಟ್ಟಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕಾಣುವಷ್ಟು ಎತ್ತರ. ಮೈದಾನದ ಆ ತುದಿಯಲ್ಲಿ ಕಳ್ಳಾಟ ಆಡುವವರನ್ನು ಈ ತುದಿಯಿಂದ ಒಂದೇ ವಿಷಲ್ಲಿಗೆ ನಿಲ್ಲಿಸುತ್ತಿದ್ದ ಹೆಂಗಸು. ನಿವೃತ್ತಿಯಾದ ಮೇಲೂ ದಿನಾ ಸಂಜೆ ಆ ಮೈದಾನದ ಬದಿಯ ಬೆಂಚಿನಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿಯಿತು. ಡಾಕ್ಟರು ಅದನ್ನು ತೆಗೆದು ಲೋಹದ ಕೀಲು ಕೂರಿಸಿದರು. ಕಳಿಸುವಾಗ ಹೇಳಿದ ಬುದ್ಧಿಮಾತುಗಳಲ್ಲಿ ಸಡಿಲಕ್ಕನ ಕಿವಿಯಲ್ಲಿ ಉಳಿದದ್ದು ಒಂದೇ: ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ತಗ್ಗಿನ ಆಸನದಿಂದ ಏಳುವಾಗ ಜೋಪಾನ.

ಮನೆಯೊಳಗೆ ಅತ್ತೆ ಬೇಗನೆ ಕೋಲು ಹಿಡಿದು ಓಡಾಡಿದರು. ಹತ್ತು ಹೆಜ್ಜೆ ಅಂದರೆ ಇಪ್ಪತ್ತು ಹಾಕುವ ಜಾತಿ ಅದು. ನಡೆಯಲು ಬಂದ ಮೇಲೆ ಮೊದಲು ಕೇಳಿದ್ದೇ ಮೈದಾನ. ಸಡಿಲಕ್ಕ ಅವರನ್ನು ತಮ್ಮ ಪುಟ್ಟ ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಅಂದು ಅಲ್ಲಿ ಏನೋ ಪಂದ್ಯ, ಜನ ಸೇರಿದ್ದರು, ಅತ್ತೆಯ ಹಳೆಯ ಶಿಷ್ಯರೂ ಇದ್ದರು. ಬಾಗಿಲು ತೆರೆದು ಕಾಲು ಹೊರಗಿಟ್ಟ ಅತ್ತೆಗೆ ಏನು ಮಾಡಿದರೂ ಏಳಲು ಆಗಲಿಲ್ಲ. ಸೀಟು ತಗ್ಗು, ಕಾಲು ಉದ್ದ, ಮಂಡಿ ಸೊಂಟಕ್ಕಿಂತ ಮೇಲೆ ಬಂದು ಕೂತಿತ್ತು. ಗಾಬರಿಬಿದ್ದ ಸಡಿಲಕ್ಕ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರನ್ನು ಕರೆದಳು. ಅವರು ಒಂದೊಂದು ತೋಳಿಗೆ ಕೈ ಹಾಕಿ ಅತ್ತೆಯನ್ನು ಹೊರಗೆಳೆದು ನಿಲ್ಲಿಸಿದರು. ಅತ್ತೆ ಪಂದ್ಯ ನೋಡಲಿಲ್ಲ. ನಿಂತವರು ಹಾಗೇ ತಿರುಗಿ, "ಮನೆಗೆ ನಡಿ" ಎಂದರು.

ಅಂದಿನಿಂದ ಜಪ್ಪಯ್ಯ ಅಂದರೂ ಅವರು ಹೊಸಿಲು ದಾಟಲಿಲ್ಲ. ಸೀಟಿನ ಮೇಲೆ ದಿಂಬು ಹಾಕಿ ನೋಡೋಣ ಎಂದರೆ ತಲೆ ಕಾರಿನ ಚಾವಣಿಗೆ ತಾಗುತ್ತಿತ್ತು. "ತಲೆ ತಗ್ಗಿಸಿಕೊಂಡು ನಾನು ಎಲ್ಲಿಗೂ ಹೋದವಳಲ್ಲ" ಎಂದು ಆ ಮಾತಿಗೂ ಬಾಗಿಲು ಮುಚ್ಚಿದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ಕೂತರು. ಮನೆಯೊಳಗಿನ ಓಡಾಟವೂ ಕಡಿಮೆಯಾಯಿತು. ಬೇರೆಯವರಿಗೆ ಇದು ಗೊತ್ತಾಗಲಿಲ್ಲ, ಸಡಿಲಕ್ಕನಿಗೆ ಗೊತ್ತಾಯಿತು. ಅತ್ತೆಯ ಬಟ್ಟೆಗಳ ಸೊಂಟ ಹಿಡಿಸಿದ್ದ ಹೊಲಿಗೆಯನ್ನು ಮತ್ತೆ ಬಿಚ್ಚಿ, ಇನ್ನೂ ಒಳಗೆ ಹಿಡಿಸಬೇಕಾಗಿ ಬಂತು. ಹೀಗೇ ಬಿಟ್ಟರೆ ಅತ್ತೆ ಕುರ್ಚಿಯಲ್ಲೇ ಕರಗಿಹೋಗುತ್ತಾರೆ ಎಂದು ಅವಳಿಗೆ ಭಯವಾಯಿತು. ಅತ್ತೆ ಎಂದರೆ ಅವಳಿಗೆ ಹೆದರಿಕೆಯೂ ಇತ್ತು, ಪ್ರೀತಿಯೂ ಇತ್ತು. ಯಾವುದು ಎಷ್ಟು ಎಂದು ಅವಳು ಎಂದೂ ಅಳೆದು ನೋಡಿರಲಿಲ್ಲ.

ಅಳೆಯಲು ಬರುತ್ತಿದ್ದದ್ದನ್ನು ಅಳೆದಳು. ಅತ್ತೆಯ ಮಂಡಿಯ ಎತ್ತರ ಅವಳಿಗೆ ಬಾಯಿಪಾಠ. ಟೇಪು ಹಿಡಿದು ಕಾರಿನ ಬಳಿ ಹೋಗಿ ನೆಲದಿಂದ ಸೀಟಿನವರೆಗೆ ಅಳೆದಳು. ಮುಕ್ಕಾಲು ಇಂಚು ಕಡಿಮೆ ಬಿತ್ತು. ಇನ್ನೊಮ್ಮೆ ಅಳೆದಳು, ಅಷ್ಟೇ. ಇಡೀ ಹೆಂಗಸನ್ನು ಕುರ್ಚಿಗೆ ಕಟ್ಟಿಹಾಕಿರುವುದು ಮುಕ್ಕಾಲು ಇಂಚಾ ಎಂದು ಅವಳಿಗೆ ಆಶ್ಚರ್ಯವಾಯಿತು, ಸ್ವಲ್ಪ ಖುಷಿಯೂ ಆಯಿತು. ಮುಕ್ಕಾಲು ಇಂಚು ಅಂದರೆ ಅವಳ ಕಸುಬಿನಲ್ಲಿ ದೊಡ್ಡ ಮಾತಲ್ಲ, ಒಂದು ಮಡಿಕೆ ಬಿಚ್ಚಿದರೆ ಸಿಗುತ್ತದೆ. ಆದರೆ ಕಾರಿನ ಮಡಿಕೆ ಎಲ್ಲಿರುತ್ತದೆ ಎನ್ನುವುದು ಗೊತ್ತಿರಲಿಲ್ಲ.

ಅದು ಕಣ್ಣಿಗೆ ಬಿದ್ದದ್ದು ಸಿಗ್ನಲ್ಲಿನಲ್ಲಿ. ತಮ್ಮದೇ ಕಂಪನಿಯ, ತಮ್ಮದೇ ಮಾದರಿಯ ಪುಟ್ಟ ಕಾರೊಂದು ಪಕ್ಕದಲ್ಲಿ ಬಂದು ನಿಂತಿತು. ಆದರೆ ತುದಿಗಾಲಲ್ಲಿ ನಿಂತ ಹಾಗೆ ಸ್ವಲ್ಪ ಎತ್ತರ ಕಾಣುತ್ತಿತ್ತು. ಚಕ್ರಗಳು ದೊಡ್ಡವು. ಹಸಿರು ದೀಪ ಬಂದರೂ ಸಡಿಲಕ್ಕ ಆ ಚಕ್ರಗಳನ್ನೇ ನೋಡುತ್ತಾ ಕೂತಳು. ಹಿಂದಿನವರು ಹಾರನ್ ಬಾರಿಸಿ ಅವಳ ಅಪ್ಪ ಅಮ್ಮನನ್ನೆಲ್ಲ ನೆನೆಸಿಕೊಂಡರು.

ಮಾರನೆಯ ದಿನವೇ ಅವಳು ಟೈರ್ ಅಂಗಡಿಯಲ್ಲಿದ್ದಳು. ಒಂದು ಗೋಡೆಯ ತುಂಬ ಫಳಫಳ ಹೊಳೆಯುವ ಚಕ್ರಗಳು, ಇನ್ನೊಂದು ಬದಿಗೆ ಸೂರಿನವರೆಗೆ ಪೇರಿಸಿದ ಟೈರುಗಳು, ಮಧ್ಯೆ ಎಣ್ಣೆ ಕುಡಿದು ಕಪ್ಪಾದ ನೆಲ. ಅಂಗಡಿಯವನು ಗಿಡ್ಡ, ದುಂಡಗಿನ ಆಸಾಮಿ, ಮಾತಿನಲ್ಲಿ ಎತ್ತಿದ ಕೈ. ಟೈರಣ್ಣ ಅಂದರೆ ಓಗೊಡುತ್ತಿದ್ದ.

"ಶೋಕಿಗಾ ಅಕ್ಕ?" ಎಂದು ಕೇಳಿದ.

"ಎತ್ತರಕ್ಕೆ ಅಣ್ಣ. ಕಾರು ಮುಕ್ಕಾಲು ಇಂಚು ಮೇಲೇಳಬೇಕು."

ಅವನ ಅಂಗಡಿಗೆ ಹೊಳಪು ಕೇಳಿಕೊಂಡು ಬಂದವರಿದ್ದರು, ಅಗಲ ಕೇಳಿಕೊಂಡು ಬಂದವರಿದ್ದರು, ಪಕ್ಕದ ಮನೆಯವರ ಹೊಟ್ಟೆ ಉರಿಯುವಂಥದ್ದು ಕೊಡಿ ಎಂದವರೂ ಇದ್ದರು. ಇಂಚಿನ ಲೆಕ್ಕದಲ್ಲಿ ಎತ್ತರ ಕೇಳಿದವರು ಇವಳೇ ಮೊದಲು. ಅವನು ಗೋಡೆಯಿಂದ ಒಂದು ಚಕ್ರ ಇಳಿಸಿ, ತೆಳ್ಳನೆಯ ಟೈರು ತೊಡಿಸಿದ್ದನ್ನು ಅವಳ ಮುಂದೆ ಉರುಳಿಸಿದ. "ಇದು ದೊಡ್ಡ ಚಕ್ರ. ಹಾಕಿದ್ರೆ ನಿಮ್ಮ ಗಾಡಿ ನಿಮಗೇ ಗುರುತು ಸಿಗಲ್ಲ."

ಸಡಿಲಕ್ಕ ಕೊರಳಲ್ಲಿದ್ದ ಟೇಪು ತೆಗೆದು ಅದನ್ನು ಕೆಳಗಿನಿಂದ ಮೇಲಕ್ಕೆ ಅಳೆದಳು. ಆಮೇಲೆ ತನ್ನ ಕಾರಿನ ಹಳೆಯ ಚಕ್ರವನ್ನು ಅಳೆದಳು. ಎರಡೂ ಒಂದೇ.

"ದೊಡ್ಡದು ಅಂದ್ರಲ್ಲ ಅಣ್ಣ?"

"ದೊಡ್ಡದೇ. ಮಧ್ಯದ ಲೋಹ ದೊಡ್ಡದು, ಸುತ್ತ ಇರೋ ರಬ್ಬರ್ ತೆಳ್ಳಗೆ. ಒಟ್ಟು ಎತ್ತರ ಬದಲಾಗಬಾರದು. ಹಾಗೇ ಹಾಕೋದು."

"ಅಂಚು ಅಗಲ ಮಾಡಿ ಮೈ ಮೋಟು ಮಾಡಿದ ಪರದೆ ಇದು. ಕಿಟಕೀಲಿ ಬೀಳೋ ಉದ್ದ ಅಷ್ಟೇ. ನನಗೆ ಅಂಚೂ ದೊಡ್ಡದಿರಲಿ, ಮೈಯೂ ಹಾಗೇ ಇರಲಿ."

ಟೈರಣ್ಣ ತಲೆ ಕೆರೆದುಕೊಂಡ. ಬೇರೆ ಯಾರಾದರೂ ಆಗಿದ್ದರೆ ಸಾಗಹಾಕುತ್ತಿದ್ದನೇನೋ. ಅವಳ ಮುಖದಲ್ಲಿದ್ದ ಕುತೂಹಲ ನೋಡಿ ಅವನಿಗೂ ಹುರುಪು ಬಂತು. ನೆಲದ ಧೂಳಿನಲ್ಲಿ ಬೆರಳಿನಿಂದ ಒಂದು ವೃತ್ತ ಬರೆದ, ಅದರ ಸುತ್ತ ಇನ್ನೊಂದು ಬರೆದ. "ನೋಡಿ ಅಕ್ಕ, ಗಾಡಿ ನಿಂತಿರೋದು ನಡುವಿನ ಅಚ್ಚಿನ ಮೇಲೆ. ಚಕ್ರ ಒಂದೂವರೆ ಇಂಚು ಬೆಳೆದ್ರೆ ಗಾಡಿ ಏಳೋದು ಮುಕ್ಕಾಲೇ. ಮಿಕ್ಕ ಮುಕ್ಕಾಲು ಮೇಲಕ್ಕೆ ಹೋಗಿ ಮಡ್‌ಗಾರ್ಡಿನ ಒಳಗಿರೋ ಜಾಗ ತಿನ್ನುತ್ತೆ. ಅಲ್ಲಿ ಜಾಗ ಸಾಲದಿದ್ರೆ ಉಜ್ಜುತ್ತೆ."

"ಅಂದ್ರೆ ಒಳಗೆ ಸಡಿಲ ಬೇಕು."

"ಸಡಿಲ ಬೇಕು" ಎಂದು ಅವನು ನಕ್ಕ.

ಆಮೇಲೆ ಅವನು ಒಂದೊಂದಾಗಿ ಹೆದರಿಸಿದ, ಅವಳು ಒಂದೊಂದಕ್ಕೂ ಯಾಕೆ ಎಂದು ಕೇಳಿದಳು. ಸ್ಟೀರಿಂಗ್ ಭಾರವಾಗುತ್ತದೆ, ಯಾಕೆ? ಪೆಟ್ರೋಲ್ ತುಸು ಹೆಚ್ಚು ಕುಡಿಯುತ್ತದೆ, ಯಾಕೆ? ಮೀಟರು ತೋರಿಸುವುದಕ್ಕಿಂತ ಗಾಡಿ ಜೋರಾಗಿ ಓಡುತ್ತಿರುತ್ತದೆ ಎಂದಾಗ ಅವಳ ಕಿವಿ ನೆಟ್ಟಗಾಯಿತು. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಪಾಪದ ಮೀಟರು ಮಾತ್ರ ಹಳೆಯ ಸುತ್ತನ್ನೇ ನಂಬಿಕೊಂಡಿರುತ್ತದೆ ಎಂದು ಅವನು ಬಿಡಿಸಿ ಹೇಳಿದ. ಹಾಗಾದರೆ ಇಷ್ಟು ದಿನ ಮನೆಯಿಂದ ಮಾರುಕಟ್ಟೆಗೆ ಇದ್ದ ದೂರ ನಾಳೆಯಿಂದ ಮೀಟರಿನಲ್ಲಿ ಕಡಿಮೆ ಕಾಣುತ್ತದೆ ಎಂದು ಅವಳು ಸಂಜೆಯವರೆಗೆ ಅದನ್ನೇ ಮೆಲುಕು ಹಾಕಿದಳು.

"ಆದ್ರೆ ಇದಕ್ಕಿಂತ ಒಂದು ನೂಲು ಹೆಚ್ಚು ಕೇಳಿದ್ರೂ ನಾನು ಹಾಕಲ್ಲ. ಬ್ರೇಕಿನ ಮಾತು ಇದು, ತಮಾಷೆ ಅಲ್ಲ" ಎಂದು ಟೈರಣ್ಣ ಕಡ್ಡಿ ಮುರಿದಂತೆ ಹೇಳಿ ಕೆಲಸ ಒಪ್ಪಿಕೊಂಡ.

ಚಕ್ರ ಹಾಕುವ ದಿನ ಅವಳು ತನ್ನ ಅಂಗಡಿಗೆ ಬೀಗ ಹಾಕಿ ಬಂದು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಹೊಸ ಚಕ್ರದ ನಡುವಿನ ತೂತು ಕಾರಿನ ಅಚ್ಚಿನ ತುದಿಗಿಂತ ದೊಡ್ಡದಾಗಿತ್ತು. "ಗುಂಡಿಗಿಂತ ಕಾಜಾ ದೊಡ್ಡದಾಯ್ತಲ್ಲ ಅಣ್ಣ, ಅಲ್ಲಾಡಲ್ವಾ?" ಎಂದಳು. ಅವನು ಒಂದು ತೆಳ್ಳನೆಯ ಉಂಗುರ ತೋರಿಸಿ, ಅದನ್ನು ತೂತಿಗೆ ಕೂರಿಸಿದ. ಅದಿಲ್ಲದೆ ಹಾಕಿದರೆ ಜೋರಾಗಿ ಓಡಿಸುವಾಗ ಸ್ಟೀರಿಂಗ್ ನಡುಗುತ್ತದಂತೆ. ನಾಲ್ಕೂ ಚಕ್ರ ಕೂತ ಮೇಲೆ ಅವಳು ಜೇಬಿನಿಂದ ಸೀಮೆಸುಣ್ಣ ತೆಗೆದು ಮಡ್‌ಗಾರ್ಡಿನ ಒಳಗೆಲ್ಲ ದಪ್ಪಗೆ ಬಳಿದಳು. ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ಅಂಗಳದಲ್ಲಿ ಸುತ್ತು ಹಾಕಿ, ಇಳಿದು ನೋಡಿದರೆ ಬಳಿದ ಸುಣ್ಣ ಬಳಿದ ಹಾಗೇ ಇತ್ತು. ಎಲ್ಲೂ ತಾಗಿರಲಿಲ್ಲ. ನೆಲದಿಂದ ಸೀಟಿಗೆ ಟೇಪು ಹಿಡಿದಳು. ಬೇಕಾದ ಮುಕ್ಕಾಲು ಇಂಚು ಕೂದಲೆಳೆಯಷ್ಟೂ ತಪ್ಪದೆ ಬಂದಿತ್ತು. ಆಸ್ಪತ್ರೆಯವರಿಂದ ಆಗದ್ದು ತನ್ನಿಂದ ಆಯಿತು ಎಂದು ಅವಳು ಮನಸ್ಸಿನಲ್ಲೇ ಬೀಗಿದಳು.

ಮನೆಯಲ್ಲಿ ಯಾಕೆ ಎಂದು ಹೇಳಿರಲಿಲ್ಲ. ಹೇಳಿದರೆ ಅತ್ತೆ ಕಾರಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗಂಡ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ರೇಸಿಗೆ ಸೇರ್ಕೊಂಡ್ಯಾ?" ಎಂದ. ಅತ್ತೆ ಕಿಟಕಿಯಿಂದಲೇ ನೋಡಿ, "ಮೀಸೆ ಚಿಗುರೋ ಹುಡುಗರ ಗಾಡಿ ಹಾಗಿದೆ. ಈ ವಯಸ್ಸಲ್ಲಿ ನಿನಗೆ ಇದೆಂಥಾ ಹುಚ್ಚು ಕಣೇ?" ಎಂದರು. ಸಡಿಲಕ್ಕ ಸೂಜಿಗಳನ್ನು ಬಾಯಿಗೆ ಹಾಕಿಕೊಂಡಳು. ಅದೊಂದು ಅನುಕೂಲ ಅವಳಿಗೆ ಯಾವಾಗಲೂ ಇತ್ತು.

ವಾರ ಕಳೆದಿರಬಹುದು. ಹೋಟೆಲೊಂದರ ಪರದೆಗಳನ್ನು ಮೋಟು ಮಾಡುವ ಕೆಲಸ ಸಿಕ್ಕಿ, ಬಟ್ಟೆಯ ಗಂಟುಗಳನ್ನು ಪಕ್ಕದ ಸೀಟಿಗೂ ಹಿಂದಕ್ಕೂ ತುಂಬಿಕೊಂಡು ಬರುತ್ತಿದ್ದಳು. ಮನೆಯ ತಿರುವಿನಲ್ಲಿ ಎಡಗಡೆಯ ಮುಂದಿನ ಚಕ್ರದಿಂದ ಸರ್ರ್ ಎಂದು ಸದ್ದು ಬಂತು. ಬಟ್ಟೆ ಹರಿದ ಹಾಗೆಯೇ ಇತ್ತು. ಗಂಟುಗಳನ್ನು ಇಳಿಸಿ ಮತ್ತೆ ತಿರುಗಿಸಿದಳು. ಸದ್ದಿಲ್ಲ. ತುಂಬಿಸಿ ತಿರುಗಿಸಿದಳು. ಸರ್ರ್. ಇಳಿಸಿದಳು, ಇಲ್ಲ. ಬೀದಿಯವರು ನಿಂತು ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಟೈರಣ್ಣ ವಿಷಯ ಕೇಳಿ ಆಶ್ಚರ್ಯಪಡಲಿಲ್ಲ. "ಖಾಲಿ ಗಾಡೀಲಿ ನೋಡಿದ್ವಿ ನಾವು. ಜನ ಕೂತ್ರೆ ಗಾಡಿ ಕುಗ್ಗುತ್ತೆ, ಮಡ್‌ಗಾರ್ಡ್ ಕೆಳಗೆ ಬರುತ್ತೆ. ತಿರುವಲ್ಲಿ ತಾಗುತ್ತೆ."

ಸಡಿಲಕ್ಕ ನಾಲಿಗೆ ಕಚ್ಚಿಕೊಂಡಳು. ಲೋಕವನ್ನೆಲ್ಲ ಸ್ಟೂಲಿನ ಮೇಲೆ ಕೂರಿಸಿ ಅಳೆಯುವವಳು ಕಾರನ್ನು ನಿಲ್ಲಿಸಿ ಅಳೆದಿದ್ದಳು! ನಾಚಿಕೆಯ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಅವಳು ತಣ್ಣಗಾದಳು. ಸೀಟನ್ನು ಅಳೆದಾಗಲೂ ಅದರ ಮೇಲೆ ಯಾರೂ ಕೂತಿರಲಿಲ್ಲ. ಅತ್ತೆ ಕೂತರೆ ಸೀಟಿನ ಮೆತ್ತೆ ಒಳಗೆ ಹೋಗುತ್ತದೆ, ಸ್ಪ್ರಿಂಗೂ ಕುಗ್ಗುತ್ತದೆ. ಅಂದರೆ ಕಡಿಮೆ ಬಿದ್ದದ್ದು ಮುಕ್ಕಾಲು ಇಂಚು ಆಗಿರಲಿಲ್ಲ, ಇನ್ನೂ ಜಾಸ್ತಿ. ಎಷ್ಟು ಜಾಸ್ತಿ ಎನ್ನುವುದು ಅತ್ತೆ ಕೂತರೇ ಗೊತ್ತಾಗುವುದು. ಟೈರಣ್ಣ ಇನ್ನು ಒಂದು ನೂಲೂ ಏರಿಸುವವನಲ್ಲ.

"ಮರಳು ಚೀಲ ಇಟ್ಟು ನೋಡೋಕಾಗಲ್ವಾ ಅಣ್ಣ?"

"ಚೀಲ ತಿರುವಲ್ಲಿ ವಾಲಲ್ಲ ಅಕ್ಕ, ಮನುಷ್ಯರು ವಾಲ್ತಾರೆ. ಆ ಸೀಟಲ್ಲಿ ಯಾರು ಕೂರ್ತಾರೋ ಅವರನ್ನೇ ಕರ್ಕೊಂಡು ಬನ್ನಿ. ಎಲ್ಲಿ ತಾಗುತ್ತೆ ಅಂತ ನೋಡಿ, ಒಳಗಿನ ಪ್ಲಾಸ್ಟಿಕ್ ಕಾಯಿಸಿ ಹಿಂದಕ್ಕೆ ಮಡಚಿಬಿಡ್ತೀನಿ."

ಆ ಸೀಟಿನಲ್ಲಿ ಕೂರಬೇಕಾದವರು ಕಿಟಕಿಯ ಪಕ್ಕ ಕೂತು ಬೀದಿ ನೋಡುತ್ತಿದ್ದರು. ಸಡಿಲಕ್ಕ ಬಂದು ಎದುರಿಗೆ ನಿಂತಳು. ಬಾಯಲ್ಲಿ ಸೂಜಿ ಇರಲಿಲ್ಲ.

"ಅತ್ತೆ, ಟೈರ್ ಅಂಗಡಿಗೆ ಬರಬೇಕು ನೀವು."

"ನಾನ್ಯಾಕೆ?"

"ಪಕ್ಕದ ಸೀಟಲ್ಲಿ ಭಾರ ಬೇಕಂತೆ. ಚಕ್ರ ಉಜ್ಜೋದು ಎಲ್ಲಿ ಅಂತ ನೋಡೋಕೆ."

"ಭಾರಕ್ಕೆ ನಾನೇ ಆಗಬೇಕಾ? ನಿನ್ನ ಗಂಡ ಇಲ್ವಾ?"

"ಅವರು ಕೂತ್ರೆ ಸೀಟಿಗೇ ಗೊತ್ತಾಗಲ್ಲ."

ಅತ್ತೆಯ ತುಟಿಯ ಮೂಲೆ ಸ್ವಲ್ಪ ಅಲುಗಿತು. ಮಗನ ಮೈಕಟ್ಟಿನ ಬಗ್ಗೆ ಆಟದ ಮೇಡಮ್ಮಿಗೆ ಮೊದಲಿನಿಂದಲೂ ಬೇಸರವಿತ್ತು. ಆದರೆ ಅವರು ಬುದ್ಧಿವಂತೆ, ಅಷ್ಟಕ್ಕೇ ಬಿಡುವವರಲ್ಲ. "ಅಷ್ಟಕ್ಕೂ ಆ ದೊಡ್ಡ ಚಕ್ರ ಹಾಕ್ಸಿದ್ದು ಯಾಕೆ? ನಿಜ ಹೇಳು. ಒಂದು ರಿಬ್ಬನ್ನೂ ಹೆಚ್ಚಿಗೆ ಕಟ್ಕೊಳ್ಳದ ಹೆಂಗಸು ನೀನು."

ಸಡಿಲಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಮಂಡಿಯ ಎತ್ತರ, ಸೀಟಿನ ಎತ್ತರ, ನಡುವೆ ಕಡಿಮೆ ಬಿದ್ದ ಮುಕ್ಕಾಲು ಇಂಚು, ಅರ್ಧ ಮೇಲಕ್ಕೂ ಅರ್ಧ ಕೆಳಕ್ಕೂ ಬೆಳೆಯುವ ಚಕ್ರ, ಖಾಲಿ ಸೀಟು ಅಳೆದ ತನ್ನ ದಡ್ಡತನ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. "ಸಾಕಾಗುತ್ತೋ ಇಲ್ವೋ ಗೊತ್ತಿಲ್ಲ ಅತ್ತೆ. ಆದ್ರೆ ಆ ಸೀಟು ತಗ್ಗಾಗಿರೋದ್ರಿಂದ ತಾನೇ ನೀವು ಮೈದಾನಕ್ಕೆ ಹೋಗೋದು ಬಿಟ್ಟಿದ್ದು?"

ಅತ್ತೆ ಬೀದಿಯಿಂದ ಅವಳ ಕಡೆ ತಿರುಗಿ, "ಅವತ್ತು ಆ ಗಂಡಸರನ್ನ ಕರೆದಾಗ ನೀನು ಏನಂದೆ, ನೆನಪಿದೆಯಾ?" ಎಂದು ಕೇಳಿದರು.

ಅವಳಿಗೆ ನೆನಪಿರಲಿಲ್ಲ.

"'ಇವರ ಕೈಲಿ ಆಗಲ್ಲ, ಸ್ವಲ್ಪ ಎತ್ತಿ ಕೊಡಿ' ಅಂದೆ. ಬಸ್ಸಿಂದ ಮೂಟೆ ಇಳಿಸೋಕೆ ಹೇಳ್ತಾರಲ್ಲ, ಹಾಗೆ. ನನ್ನ ಹತ್ರ ಓಡೋದು ಕಲಿತವರು ಅಲ್ಲೇ ನಿಂತಿದ್ರು. ನನಗೆ ಇನ್ನೊಂದು ಗಳಿಗೆ ಬೇಕಿತ್ತು ಅಷ್ಟೇ. ನೀನು ಕೊಡಲಿಲ್ಲ." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಪಂದ್ಯ ಮುಗಿದ ಮೇಲೆ ಆಟಗಾರರಿಗೆ ತಪ್ಪು ತೋರಿಸುವ ಧ್ವನಿ ಅದು. "ನಾನು ಬಿಟ್ಟಿದ್ದು ಸೀಟಿಗಲ್ಲ ಕಣೇ."

ಸಡಿಲಕ್ಕ ಸಾವಿರ ಜನರ ಸೊಂಟ, ತೋಳು, ಮಂಡಿ ಅಳೆದಿದ್ದಳು. ಮನೆಯಲ್ಲೇ ಇದ್ದ ಅತ್ತೆಗೆ ಎಲ್ಲಿ ಬಿಗಿಯಾಗಿದೆ ಎಂದು ಬಾಯಿಬಿಟ್ಟು ಕೇಳಿರಲಿಲ್ಲ. ಕಣ್ಣೊರೆಸಿಕೊಂಡಳು.

"ಅಳೋದೇನಿದೆ ಅದರಲ್ಲಿ" ಎಂದರು ಅತ್ತೆ. ಆ ಮಾತಿನ ಬೆನ್ನಿಗೇ, "ಚಕ್ರ ಒಂದೂವರೆ ಇಂಚು ಬೆಳೆದ್ರೆ ಗಾಡಿ ಮುಕ್ಕಾಲೇ ಏಳೋದು ಹೇಗೆ? ಇನ್ನೊಂದ್ಸಲ ಹೇಳು" ಎಂದರು. ಅವಳು ಸೀಮೆಸುಣ್ಣದಿಂದ ನೆಲದ ಮೇಲೆ ಎರಡು ವೃತ್ತ ಬರೆದು ತೋರಿಸಿದಳು. ಅತ್ತೆ ಕೋಲಿನ ತುದಿಯಿಂದ ವೃತ್ತದ ನಡುವನ್ನು ಕುಟ್ಟಿ, ಹೌದು, ಸರಿ ಎಂದು ಒಪ್ಪಿ, "ನನ್ನ ಶೂ ಎಲ್ಲಿದೆ?" ಎಂದರು.

ಟೈರ್ ಅಂಗಡಿಯ ಅಂಗಳದಲ್ಲಿ ಆಮೇಲೆ ನಡೆದದ್ದನ್ನು ಪರೀಕ್ಷೆ ಎನ್ನಬೇಕೋ ಕವಾಯತು ಎನ್ನಬೇಕೋ ಹೇಳುವುದು ಕಷ್ಟ. ಸಡಿಲಕ್ಕ ಕಾರನ್ನು ಮೆಲ್ಲಗೆ ಸುತ್ತು ಹೊಡೆಸುತ್ತಿದ್ದಳು, ಟೈರಣ್ಣ ಚಕ್ರಕ್ಕೆ ಕಿವಿ ಕೊಟ್ಟು ಬಗ್ಗಿ ಬಗ್ಗಿ ಜೊತೆಗೆ ಓಡುತ್ತಿದ್ದ, ಅತ್ತೆ ಕಿಟಕಿಯಿಂದ ಕೈ ಹೊರಗಿಟ್ಟು ಇಬ್ಬರಿಗೂ ಅಪ್ಪಣೆ ಕೊಡುತ್ತಿದ್ದರು. "ಎಡಕ್ಕೆ! ಇನ್ನೂ ಎಡಕ್ಕೆ! ಅರ್ಧಕ್ಕೇ ಯಾಕೆ ಬಿಡ್ತೀಯ? ಏನಪ್ಪಾ, ಇಷ್ಟಕ್ಕೇ ಏದುಸಿರಾ? ಹೊಟ್ಟೆ ಕರಗಿಸು!" ಸರ್ರ್ ಎಂದ ಕೂಡಲೇ, "ಅಲ್ಲೇ! ನಿಲ್ಲಿಸು!" ಎಂದು ಕೂಗಿದ್ದು ಬೀದಿಯ ತುದಿಗೂ ಕೇಳಿತು. ಟೈರಣ್ಣ ತಲೆ ತೂರಿಸಿ ನೋಡಿದ. ಹೊಸದಾಗಿ ಬಳಿದಿದ್ದ ಸುಣ್ಣ ಒಂದು ಕಡೆ, ಅಂಗೈಯಗಲ, ಪೂರ್ತಿ ಅಳಿಸಿಹೋಗಿತ್ತು.

"ಸಿಕ್ತು. ಒಳಗಿನ ಪ್ಲಾಸ್ಟಿಕ್ಕಿನ ಅಂಚು. ಹತ್ತು ನಿಮಿಷದ ಕೆಲಸ" ಎಂದು ಅವನು ಜಾಕ್ ಉರುಳಿಸಿಕೊಂಡು ಬಂದ. ಕಾರನ್ನು ಎತ್ತಬೇಕಿತ್ತು. ಅತ್ತೆಯ ಕೋಲು ಅವನ ಕಣ್ಣಿಗೆ ಬಿತ್ತು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ, "ಪರವಾಗಿಲ್ಲ, ಅಮ್ಮ ಕೂತಿರಲಿ. ಗಾಡಿ ಸಮೇತ ಎತ್ತಿಬಿಡ್ತೀನಿ."

ಅತ್ತೆ ಮುಂದಿನ ಗಾಜಿನಿಂದಾಚೆ ಎಲ್ಲೋ ನೋಡತೊಡಗಿದರು. ಅವರ ದವಡೆ ಬಿಗಿಯಿತು.

"ಬೇಡ ಅಣ್ಣ" ಎಂದಳು ಸಡಿಲಕ್ಕ. "ಅತ್ತೆ ಇಳೀತಾರೆ."

ಅವಳು ಸುತ್ತು ಬಳಸಿ ಬಂದು ಎಡಗಡೆಯ ಬಾಗಿಲು ತೆರೆದಳು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅತ್ತೆ ಒಂದು ಕಾಲು ಹೊರಗಿಟ್ಟರು, ಇನ್ನೊಂದು ಇಟ್ಟರು. ಸೀಟು ಅವರ ಕೆಳಗೆ ಒಳಗಿಳಿದಿತ್ತು. ಮಂಡಿ ಇನ್ನೂ ಸೊಂಟಕ್ಕಿಂತ ತುಸು ಮೇಲೇ ಇತ್ತು. ಒಂದು ಕೈ ಬಾಗಿಲ ಮೇಲೆ, ಒಂದು ಕೈ ಕೋಲಿನ ಮೇಲೆ ಊರಿ ಎದ್ದರು, ಅರ್ಧಕ್ಕೆ ಬಂದರು, ಮತ್ತೆ ದೊಪ್ಪನೆ ಕೂತರು. ಟೈರಣ್ಣ ಕೈ ಒರೆಸಿಕೊಂಡು ಮುಂದೆ ಬಂದ. ಸಡಿಲಕ್ಕನ ಕೈಗಳೂ ಹಿಡಿಯಲು ತುರಿಸುತ್ತಿದ್ದವು. ಅವೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಅವಳು ಅವನ ದಾರಿಗೆ ಅಡ್ಡ ನಿಂತಳು.

"ಸ್ವಲ್ಪ ತಡೀರಿ. ಅವರೇ ಏಳ್ತಾರೆ, ಟೈಮ್ ಬೇಕು ಅಷ್ಟೇ" ಎಂದಳು. ಟೈರಣ್ಣನಿಗೆ ಹೇಳಿದ್ದಾದರೂ ಬೀದಿಯಲ್ಲಿ ಹೋಗುವವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು.

ಅತ್ತೆ ಕೂತಲ್ಲೇ ಉಸಿರು ತೆಗೆದುಕೊಂಡರು. ಸೀಟಿನ ಅಂಚಿಗೆ ಸರಿದರು, ಎಡಗಾಲನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು, ಮೈಯನ್ನು ಮುಂದಕ್ಕೆ ತಂದರು. ಏಳಬೇಕೆಂದೇ ಮಾಡುತ್ತಿದ್ದಾರೋ ಆಯಾಸಕ್ಕೆ ವಾಲಿದ್ದಾರೋ ಗೊತ್ತಾಗದ ಹಾಗೆ ನಿಧಾನ. ಆಮೇಲೆ ಬಾಗಿಲು ಕಿರ್ ಎಂದಿತು, ಸೀಟಿನ ಸ್ಪ್ರಿಂಗು ಮೇಲೆದ್ದಿತು, ಅತ್ತೆ ಎದ್ದು ನಿಂತಿದ್ದರು. ಕಾರಿನ ಚಾವಣಿಗಿಂತ ಎಷ್ಟೋ ಮೇಲೆ ಅವರ ತಲೆ ಇತ್ತು.

ಅವರು ಅಂಗಿಯ ಮುದುರು ಬಿಡಿಸಿಕೊಂಡರು. "ನಿನ್ನ ಮುಕ್ಕಾಲು ಇಂಚಿನಿಂದ ಎದ್ದೆ ಅಂದ್ಕೊಂಡಿದ್ದೀಯಾ?" ಎಂದರು ಸೊಸೆಯನ್ನು ನೋಡದೆ.

"ಗೊತ್ತಿಲ್ಲ ಅತ್ತೆ."

"ನನಗೂ ಗೊತ್ತಿಲ್ಲ" ಎಂದು ಅವರು ಕಾರಿನ ಸುತ್ತ ನಡೆದು, ನಾಲ್ಕು ಚಕ್ರಗಳನ್ನೂ ಒಂದೊಂದಾಗಿ ಕೋಲಿನಿಂದ ತಟ್ಟಿ ನೋಡಿದರು.

ಟೈರಣ್ಣ ಪ್ಲಾಸ್ಟಿಕ್ಕಿಗೆ ಬಿಸಿಗಾಳಿ ಹಿಡಿದು, ಮೆತ್ತಗಾದ ಮೇಲೆ ಒಳಕ್ಕೆ ಒತ್ತಿ ಮಡಚಿದ. ಅಷ್ಟೂ ಹೊತ್ತು ಅತ್ತೆ ನಿಂತೇ ಇದ್ದರು. ಅವನು ತಂದಿಟ್ಟ ಕುರ್ಚಿಯನ್ನು ನೋಡಲೂ ಇಲ್ಲ. ಮತ್ತೆ ಕೂತು, ಸುತ್ತು ಹೊಡೆದು, ಸದ್ದು ಹೋಗಿದೆ ಎಂದು ಮೂವರೂ ಒಪ್ಪಿಕೊಂಡ ಮೇಲೆ ಸಡಿಲಕ್ಕ ಕಾರನ್ನು ಮನೆಯ ದಾರಿಗೆ ತಿರುಗಿಸಲು ಹೋದಳು.

"ಆ ಕಡೆ ಅಲ್ಲ" ಎಂದರು ಅತ್ತೆ. "ಮೈದಾನಕ್ಕೆ ನಡಿ. ಮೂಲೇಲಿ ಎಲ್ಲೋ ಮರದ ಹಿಂದೆ ನಿಲ್ಲಿಸಬೇಡ. ಗೇಟಿನ ಎದುರಿಗೇ ನಿಲ್ಲಿಸು, ಎಲ್ಲರಿಗೂ ಕಾಣಲಿ. ನಾನು ಇಳಿಯೋದು ಸ್ವಲ್ಪ ಹೊತ್ತಾಗುತ್ತೆ."

"ಆಗಲಿ ಅತ್ತೆ" ಎಂದು ಅವಳು ಗೇರು ಹಾಕಿದಳು.